ಚಾಸಿ ನಂಬರ್ ಉಜ್ಜಿದ ಕೈ

ಮಾನ್ಯ ಸಾರಿಗೆ ಅಧಿಕಾರಿಗಳೇ,

ನನ್ನ ಗಾಡಿ ನಿಮ್ಮ ಕಚೇರಿಯ ಹಿಂದಿನ ಅಂಗಳದಲ್ಲಿ ನಿಂತು ಇವತ್ತಿಗೆ ಇಪ್ಪತ್ತೆರಡು ದಿನವಾಯಿತು. ಅದು ಕದ್ದ ಗಾಡಿ ಇರಬಹುದು ಎಂಬ ಸಂಶಯ ನಿಮ್ಮದು. ಅದಿಲ್ಲದೆ ನಾನು ನಮ್ಮ ಬೀದಿಯನ್ನು ದಾಟಲಾರೆ. ಈ ತಿಂಗಳ ಕೊನೆಯೊಳಗೆ ಅದು ಹಡಗು ಹತ್ತದಿದ್ದರೆ ದೇಶವನ್ನೂ ದಾಟಲಾರೆ. ನನ್ನ ದೂರು ಇಷ್ಟೇ. ಇಷ್ಟನ್ನು ಕಿಟಕಿಯ ಮುಂದೆ ಬಂದು ಹೇಳಬಹುದಿತ್ತಲ್ಲ ಎನ್ನುತ್ತೀರೇನೋ. ಎರಡು ಸಲ ಬಂದಿದ್ದೆ. ಊರುಗೋಲಿನ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲಲಾರೆ, ನಿಮ್ಮ ಕಿಟಕಿ ಹೆಚ್ಚು ಹೊತ್ತು ತೆರೆದಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಕಿಟಕಿ ಕಂಡರೆ ನನಗೆ ಭಯ. ಒಳಗಿನಿಂದ ಯಾರಾದರೂ ತಲೆ ಎತ್ತಿ ‘ಏನು?’ ಎಂದರೆ ಸಾಕು, ಮನೆಯಿಂದ ಕಲಿತುಕೊಂಡು ಬಂದ ಮಾತೆಲ್ಲ ಮರೆತುಹೋಗುತ್ತದೆ. ಬಹಿರಂಗವಾಗಿ ಬರೆಯುತ್ತಿರುವುದು ಧೈರ್ಯದಿಂದ ಎಂದು ತಿಳಿಯಬೇಡಿ. ನಾಲ್ಕು ಜನ ನೋಡುತ್ತಿದ್ದರೆ ನೀವು ಸ್ವಲ್ಪ ಮೆಲ್ಲಗೆ ಗದರಿಸಬಹುದು ಎಂಬ ಆಸೆಯಿಂದ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಎರಡನೇ ವಯಸ್ಸಿಗೆ ಪೋಲಿಯೊ ಬಂದು ಎರಡು ಕಾಲಿನ ಬಲವೂ ಹೋಯಿತು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ, ಮೂವತ್ತೊಂದು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಲೇತಿನಿಂದ ಬಂದ ಪ್ರತಿ ತುಂಡನ್ನೂ ಮೈಕ್ರೋಮೀಟರಿನಲ್ಲಿ ಅಳೆದು ಸರಿಯಿದ್ದರೆ ಒಪ್ಪುವುದು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕೆಲಸ. ಅಂದರೆ ನಾನೂ ಒಂದು ಕಾಲದಲ್ಲಿ ನಿಮ್ಮ ಹಾಗೆಯೇ ತಿರಸ್ಕರಿಸುವ ಅಧಿಕಾರಿ. ವ್ಯತ್ಯಾಸವೊಂದೇ. ನಾನು ಬೇಡವೆಂದ ಪ್ರತಿ ತುಂಡಿಗೂ ಯಾಕೆ ಬೇಡ ಎಂದು ಒಂದು ಚೀಟಿ ಕಟ್ಟುತ್ತಿದ್ದೆ. ನನ್ನ ಗಾಡಿಗೆ ನೀವು ಕಟ್ಟಿದ ಚೀಟಿಯಲ್ಲಿ ‘ಪರಿಶೀಲನೆಯಲ್ಲಿದೆ’ ಎಂದಷ್ಟೇ ಇದೆ. ಯಾರು ಪರಿಶೀಲಿಸುತ್ತಿದ್ದಾರೆ? ಏನನ್ನು? ಅದರ ಸೀಟಿನ ಮೇಲೆ ಹಕ್ಕಿ ಹಿಕ್ಕೆ ಹಾಕುತ್ತಿರುವುದನ್ನು ಮಾತ್ರ ಕಾಂಪೌಂಡಿನ ಆಚೆಯಿಂದ ನಾನೇ ಪರಿಶೀಲಿಸಿದ್ದೇನೆ.

ಗಾಡಿಯೆಂದರೆ ಹಿಂದುಗಡೆ ಎರಡು ಪುಟ್ಟ ಚಕ್ರ ಜೋಡಿಸಿದ ಸ್ಕೂಟರು. ಅದು ಬರುವ ಮೊದಲು ನನ್ನನ್ನು ಜನ ಎತ್ತುತ್ತಿದ್ದರು. ಚಿಕ್ಕವಳಿದ್ದಾಗ ಅಪ್ಪ, ಆಮೇಲೆ ಗಂಡ ಮುರುಗೇಶ್. ಅವರಿಬ್ಬರೂ ಇಲ್ಲದಾಗ ಯಾರು ಸಿಕ್ಕರೆ ಅವರು. ಎತ್ತುವವರೆಲ್ಲ ಒಳ್ಳೆಯವರೇ. ಆದರೆ ಎತ್ತಿದವರ ಬೆವರಿನ ವಾಸನೆ, ಅವರ ಅವಸರ, ‘ಅಮ್ಮಾ, ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ’ ಎನ್ನುವ ಮಾತು, ಸೀರೆ ಎಲ್ಲಿ ಸರಿಯಿತೋ ಎಂದು ನೋಡಿಕೊಳ್ಳಲೂ ಆಗದ ಆ ಅರ್ಧ ನಿಮಿಷ ಇವೆಲ್ಲ ಎತ್ತಿಸಿಕೊಂಡವರಿಗೆ ಮಾತ್ರ ಗೊತ್ತು. ಹದಿಮೂರು ವರ್ಷದ ಹಿಂದೆ ನಮ್ಮ ಕಾರ್ಖಾನೆಯಲ್ಲಿ ಲೇತ್ ನಡೆಸುವ ಹಿರಿಯ ಟರ್ನರ್ ದ್ಯಾಮಪ್ಪನವರು ನನ್ನ ಸ್ಕೂಟರಿಗೆ ಹಿಂದಿನ ಚೌಕಟ್ಟು ಮಾಡಿಕೊಟ್ಟರು. ಬಾಗಲಕೋಟೆ ಕಡೆಯವರು, ಲಗ್ಗೆರೆಯಲ್ಲಿ ಮನೆ. ಶಿಫ್ಟ್ ಮುಗಿದ ಮೇಲೆ ಒಂದು ತಿಂಗಳು ಕೂತು ಮಾಡಿದರು. ನನ್ನ ಸೊಂಟದ ಎತ್ತರಕ್ಕೆ ಸೀಟು ತಗ್ಗಿಸಿದರು, ಕಾಲು ಜಾರದಂತೆ ಒಂದು ಕಬ್ಬಿಣದ ಪಟ್ಟಿ ಕೂರಿಸಿದರು, ಊರುಗೋಲು ಸಿಕ್ಕಿಸಲು ಕೊಳವೆ ಬೆಸೆದರು. ಅದನ್ನೆಲ್ಲ ನಿಮ್ಮ ಕಚೇರಿಯೇ ನೋಡಿ ಒಪ್ಪಿ ನೋಂದಣಿ ಪುಸ್ತಕದಲ್ಲಿ ಬರೆದುಕೊಟ್ಟಿದೆ. ಮೊದಲ ದಿನ ನಾನೊಬ್ಬಳೇ ಡಾ. ರಾಜ್‌ಕುಮಾರ್ ರಸ್ತೆಗೆ ಹೋಗಿ ಕಾಲು ಕೆಜಿ ಕಾಫಿಪುಡಿ ತಂದೆ. ಅಂಗಡಿಯವನು ಇಳಿಯಲು ಕೈ ಕೊಡಬೇಕೇ ಎಂದು ಕೇಳಿದ. ಬೇಡ ಎಂದೆ. ನಲವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ ‘ಬೇಡ’ ಎಂದಿದ್ದು.

ಇಂಥ ಗಾಡಿಯನ್ನು ಕಳ್ಳ ಕದಿಯುತ್ತಾನೆಯೇ, ಮಾನ್ಯರೇ? ಕದ್ದರೂ ಅದರ ಮೇಲೆ ಕೂತು ಹದಿಮೂರು ವರ್ಷ ದಿನಾ ಬೆಳಗ್ಗೆ ಎಂಟಕ್ಕೆ ಅದೇ ಕಾರ್ಖಾನೆಗೆ ಹೋಗಿ ಸಹಿ ಹಾಕುತ್ತಾನೆಯೇ?

ಇನ್ನು ದೇಶ ಬಿಡುವ ವಿಷಯ. ಮುರುಗೇಶ್ ಹುಟ್ಟಿದ್ದು ಸಮುದ್ರದಾಚೆಯ ಒಂದು ಪುಟ್ಟ ದೇಶದಲ್ಲಿ. ಆ ದೇಶದ ಹೆಸರು ಬರೆಯಲು ಹೆದರಿಕೆ. ನಮ್ಮ ರಗಳೆ ಅವರ ಕಿವಿಗೆ ಬಿದ್ದು ಅವರೂ ಬೇಡವೆಂದರೆ? ಏಳು ವರ್ಷದ ಮುರುಗೇಶರನ್ನು ಅಪ್ಪ ಅಮ್ಮ ಹಡಗಿನಲ್ಲಿ ಈ ಕಡೆ ಕರೆತಂದರು. ಹದಿನೈದು ತುಂಬಿದ್ದ ಅಕ್ಕ ಮದುವೆಯಾಗಿ ಅಲ್ಲೇ ಉಳಿದರು. ಈಗ ಆಕೆಗೆ ಎಪ್ಪತ್ತು, ಒಂಟಿ, ಕಣ್ಣು ಮಂಜು. ‘ಇಬ್ಬರೂ ಇಲ್ಲಿಗೇ ಬಂದುಬಿಡಿ’ ಎಂದು ಮೂರು ವರ್ಷದಿಂದ ಫೋನಿನಲ್ಲಿ ಕೇಳುತ್ತಿದ್ದಾರೆ. ನಾನು ಒಂದೇ ಷರತ್ತು ಹಾಕಿದ್ದೆ. ಗಾಡಿ ಬಂದರೆ ನಾನೂ ಬರುತ್ತೇನೆ. ಮುರುಗೇಶ್ ಒಂದೂವರೆ ವರ್ಷ ಅಲೆದು, ನಿವೃತ್ತಿಯಾಗಿ ಬರುವ ಅಂಗವಿಕಲೆಗೆ ಒಂದು ಸ್ವಂತ ವಾಹನ ತರಬಹುದು ಎಂಬ ವಿಶೇಷ ಅನುಮತಿಯನ್ನು ಆ ದೇಶದಿಂದ ಪಡೆದರು. ಅದರಲ್ಲಿ ನನ್ನ ಹೆಸರಿದೆ, ಗಾಡಿಯ ಪೂರ್ತಿ ಚಾಸಿ ನಂಬರಿದೆ, ಈ ತಿಂಗಳ ಕೊನೆಯ ತಾರೀಕೂ ಇದೆ. ಬಾಕಿ ಇದ್ದಿದ್ದು ನಿಮ್ಮ ನಿರಾಕ್ಷೇಪಣಾ ಪತ್ರ ಮಾತ್ರ.

ನಿಮ್ಮ ಸಿಬ್ಬಂದಿಯೊಬ್ಬರು ‘ಅಲ್ಲೇ ಹೋಗಿ ಹೊಸ ಗಾಡಿ ತಗೊಳ್ಳಿ ಮೇಡಂ, ಈ ಹಳೇ ಡಬ್ಬಾ ಯಾಕೆ ಹೊತ್ಕೊಂಡ್ ಹೋಗ್ತೀರಾ?’ ಎಂದು ಸಲಹೆ ಕೊಟ್ಟರು. ಅವರಿಗೆ ಒಳ್ಳೆಯದಾಗಲಿ. ಆದರೆ ನನ್ನ ಸೊಂಟದ ಅಳತೆ ಗೊತ್ತಿರುವ ಟರ್ನರು ಅಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತಾನೆ? ನನ್ನ ಭಯ ಏನೆಂದು ನೇರವಾಗಿ ಹೇಳುತ್ತೇನೆ. ಗುರುತಿಲ್ಲದ ಊರಿನ ಒಂದು ಮನೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಕಣ್ಣು ಕಾಣದ ಎಪ್ಪತ್ತರ ಹೆಂಗಸು ಮತ್ತು ಬೆನ್ನು ನೋವಿನ ಅರವತ್ತೆರಡರ ಗಂಡಸು ಸೇರಿ ನನ್ನನ್ನು ಎತ್ತುತ್ತಾರೆ. ದಿನಾ ಎತ್ತುತ್ತಾರೆ.

ಈಗ ನಂಬರಿನ ಕಥೆ. ಆ ಪತ್ರಕ್ಕಾಗಿ ಗಾಡಿ ತಂದ ದಿನ, ಸೀಟಿನ ಕೆಳಗಿನ ಚೌಕಟ್ಟಿನ ಮೇಲೆ ಕೊರೆದ ಆ ಹದಿನೇಳು ಅಕ್ಷರಗಳ ಮೇಲೆ ನಿಮ್ಮ ಇನ್‌ಸ್ಪೆಕ್ಟರು ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ಹನ್ನೆರಡು ಅಕ್ಷರ ಮೂಡಿದವು. ಕೊನೆಯ ಐದರ ಜಾಗದಲ್ಲಿ ಬರೀ ಕಪ್ಪು. ಮತ್ತೊಂದು ಕಾಗದ ಇಟ್ಟರು, ಮತ್ತೆ ಕಪ್ಪು. ಬೆರಳಿನಿಂದ ಸವರಿ ನೋಡಿ, ನನ್ನ ಕಡೆ ತಿರುಗದೆ ಮುರುಗೇಶರನ್ನು ಕೇಳಿದರು: ‘ಯಾರ್ರೀ ಉಜ್ಜಿದ್ದು ಇದನ್ನ?’ ಉತ್ತರ ಮುರುಗೇಶರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೇಳಲಿಲ್ಲ. ‘ನಂಬರ್ ಅಳಿಸಿದ ಗಾಡಿ ಅಂದ್ರೆ ಪೊಲೀಸ್ ಕೇಸು, ಗೊತ್ತಾ?’ ಎಂದರು ಇನ್‌ಸ್ಪೆಕ್ಟರು. ಕೇಸಾದರೆ ಪೊಲೀಸರ ನಡತೆ ಪತ್ರ ಸಿಗುವುದಿಲ್ಲ, ಅದಿಲ್ಲದೆ ವೀಸಾ ಇಲ್ಲ. ಗಾಡಿಯನ್ನು ಒಳಗೆ ತಳ್ಳಿಕೊಂಡು ಹೋದರು. ನನ್ನನ್ನು ಆಟೊಗೆ ಎತ್ತಿ ಹಾಕಲಾಯಿತು. ಇಷ್ಟು ವರ್ಷದ ಮೇಲೆ, ನಿಮ್ಮ ಗೇಟಿನ ಎದುರು, ಅಷ್ಟು ಜನರ ಮುಂದೆ.

ಉಜ್ಜಿದ್ದು ನಾನು.

ಆಯುಧಪೂಜೆಯ ದಿನ ಕಾರ್ಖಾನೆಗಳಲ್ಲಿ ಏನು ನಡೆಯುತ್ತದೆ ಎಂದು ನೀವು ನೋಡಿರಬಹುದು. ನೀವು ನಿಂಬೆಹಣ್ಣು, ಬಾಳೆಕಂದಿನ ಹೊತ್ತಿಗೆ ಬರುವವರು. ನಾವು ಹಿಂದಿನ ದಿನದವರು. ಪೂಜೆಯ ಮುನ್ನಾದಿನ ಕೆಲಸ ನಿಲ್ಲಿಸಿ ಸೀಮೆಎಣ್ಣೆ, ಹತ್ತಿ, ಎಮರಿ ಕಾಗದ ಹಿಡಿದು ಕೂರುತ್ತೇವೆ. ಯಂತ್ರದ ಜಿಡ್ಡು ತೆಗೆದು, ಅದರ ನಂಬರಿನ ಹಿತ್ತಾಳೆ ಫಲಕವನ್ನು ಫಳಫಳ ಎನ್ನುವವರೆಗೆ ಉಜ್ಜುತ್ತೇವೆ. ಕುಂಕುಮ ಇಡುವುದು ಆ ಫಲಕಕ್ಕೇ. ದ್ಯಾಮಪ್ಪನವರು ಪ್ರತಿ ವರ್ಷ ಹೇಳುತ್ತಿದ್ದರು: ‘ನಂಬರಂದ್ರ ಮಷಿನ್ನಿನ ಮುಖಾ ಇದ್ದಂಗ್ರೀ. ಮುಖಾ ತೊಳೀಲಾರ್ದ ಕುಂಕುಮಾ ಹಚ್ಚತಾರೇನು?’ ಅವರು ಹೇಳಿದ್ದು ಕಾರ್ಖಾನೆಯ ಯಂತ್ರಗಳ ದಪ್ಪ ಫಲಕದ ವಿಷಯ. ನನ್ನ ಸ್ಕೂಟರಿನ ಮುಖ ಎಲ್ಲಿದೆ ಎಂದು ಹುಡುಕಿ, ಸೀಟು ಎತ್ತಿ, ಬಣ್ಣ ಕೆರೆದು, ಎಮರಿ ಕಾಗದದಿಂದ ಉಜ್ಜಿದ್ದು ನಾನು. ಹದಿಮೂರು ಆಯುಧಪೂಜೆ, ಹದಿಮೂರು ಸಲ. ಈ ವರ್ಷ ವಿದೇಶಕ್ಕೆ ಹೊರಟ ಗಾಡಿ ಎಂದು ಎರಡು ಪಟ್ಟು ಉಜ್ಜಿದೆ. ನೂರನೇ ಒಂದು ಮಿಲಿಮೀಟರು ಹೆಚ್ಚು ಸವೆದ ತುಂಡನ್ನು ಜೀವಮಾನವಿಡೀ ಒಪ್ಪದಿದ್ದವಳಿಗೆ, ಉಜ್ಜಿದರೆ ಕಬ್ಬಿಣ ಸವೆಯುತ್ತದೆ ಎಂದು ಹೊಳೆಯಲಿಲ್ಲ. ಭಕ್ತಿ ಬಂದಾಗ ಮೈಕ್ರೋಮೀಟರು ಯಾರ ನೆನಪಿಗೆ ಬರುತ್ತದೆ?

ಇದು ಅಪರಾಧವಾದರೆ ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆಯಿದೆ. ಗಾಡಿ ನೋಂದಣಿಯಾದ ದಿನ ಇದೇ ನಂಬರಿನ ಮೇಲೆ ಇದೇ ಥರ ಪೆನ್ಸಿಲ್ ಉಜ್ಜಿ, ಆ ಕಾಗದವನ್ನು ಅರ್ಜಿಗೆ ಅಂಟಿಸಿಕೊಂಡವರು ನೀವೇ. ಅದು ನಿಮ್ಮ ಕಡತದಲ್ಲಿದೆ. ಅದನ್ನು ತೆಗೆದು, ಉಳಿದ ಹನ್ನೆರಡು ಅಕ್ಷರಗಳ ಜೊತೆ, ಎಂಜಿನ್ ನಂಬರಿನ ಜೊತೆ ಹೋಲಿಸಿ ನೋಡಲು ಎಷ್ಟು ಹೊತ್ತು ಬೇಕು? ‘ಹಳೇ ಫೈಲು ಸಿಗ್ತಾ ಇಲ್ಲ ಮೇಡಂ’ ಎಂದರು ನಿಮ್ಮ ಕಿಟಕಿಯವರು. ನನ್ನ ನಂಬರು ಹಬ್ಬಕ್ಕೆ ಉಜ್ಜಿ ಕಳೆದುಹೋಯಿತು. ನಿಮ್ಮ ಕಡತ ಯಾರೂ ಮುಟ್ಟದೆಯೇ ಕಳೆದುಹೋಗಿದೆ. ಇಬ್ಬರಲ್ಲಿ ಕೇಸು ಯಾರ ಮೇಲೆ?

ಮಾನ್ಯರೇ, ಇಷ್ಟು ಹೊತ್ತು ಜೋರಾಗಿ ಬರೆದೆ. ಮುಂದಿನದನ್ನು ಹಾಗೆ ಬರೆಯಲಾರೆ. ಇದನ್ನು ಬರೆಯಲೆಂದೇ ಈ ಪತ್ರ ಶುರು ಮಾಡಿದ್ದು.

ಗಾಡಿ ಹಿಡಿದಿಟ್ಟ ನಾಲ್ಕನೇ ದಿನ, ನಿಮ್ಮ ಗೇಟಿನ ಹೊರಗೆ ಅರ್ಜಿ ಬರೆದುಕೊಡುವ ಭೈರೇಶ್ ಎಂಬವರ ಬಳಿ ಹೋದೆವು. ಅವರು ಆಟೊದಲ್ಲಿ ಕೂತಿದ್ದ ನನ್ನ ಹತ್ತಿರವೇ ಬಂದು ಎಲ್ಲ ಕೇಳಿಸಿಕೊಂಡರು.

‘ಮೇಡಂ, ಟೆನ್ಷನ್ ತಗೋಬೇಡಿ. ಇದಕ್ಕೊಬ್ಬ ಮನುಷ್ಯ ಬೇಕು ಅಷ್ಟೆ. ಹಿಂದಿನ ಫ್ರೇಮ್ ಕೂರಿಸಿದ್ಯಾರು?’

‘ದ್ಯಾಮಪ್ಪ ಅಂತ. ಹೋದ ವರ್ಷ ಆಷಾಢದಲ್ಲಿ ತೀರ್ಕೊಂಡ್ರು’ ಎಂದೆ.

‘ಅಯ್ಯೋ, ಇನ್ನೂ ಒಳ್ಳೇದೇ ಆಯ್ತಲ್ಲ! ವೆಲ್ಡಿಂಗ್ ಮಾಡೋವಾಗ ಅವ್ರೇ ಗ್ರೈಂಡಿಂಗ್ ಹೊಡೆದು ನಂಬರ್ ತೆಗೆದ್ರು, ನಂಗೇನೂ ಗೊತ್ತಿಲ್ಲ ಅಂತ ಬರ್ದ್‌ಕೊಡಿ. ತೀರ್ಕೊಂಡೋರನ್ನ ಯಾರು ಬಂದು ಕೇಳ್ತಾರೆ?’

ಮುರುಗೇಶ್ ರಸ್ತೆಯ ಕಡೆ ನೋಡುತ್ತಿದ್ದರು. ‘ಬೇಡ ಕಣೇ’ ಎಂದು ಒಂದು ಸಲ ಅಂದರು, ಜೋರಾಗಿ ಅನ್ನಲಿಲ್ಲ. ಅವರ ಅಕ್ಕನ ಮುಖ ಅವರ ಕಣ್ಣ ಮುಂದಿತ್ತು, ಆ ಕುರ್ಚಿ ನನ್ನ ಕಣ್ಣ ಮುಂದಿತ್ತು. ಭೈರೇಶ್ ಬರೆದರು. ದ್ಯಾಮಪ್ಪನವರ ವಿಳಾಸ ಕೇಳಿದರು. ಮನೆ ನಂಬರು, ಅಡ್ಡರಸ್ತೆ, ಲಗ್ಗೆರೆ ಎಂದು ಒಂದೂ ತಪ್ಪದೆ ನಾನೇ ಹೇಳಿದೆ. ಸಹಿ ಹಾಕಿದೆ. ನನಗೆ ಕಾಲು ಮಾಡಿಕೊಟ್ಟವರ ಹೆಸರನ್ನು ಕಳ್ಳರ ಸಾಲಿನಲ್ಲಿ ಬರೆಸಿ, ಅದೇ ಆಟೊದಲ್ಲಿ ಮನೆಗೆ ಬಂದು ಕಾಫಿ ಕುಡಿದೆ. ಕುಡಿಯುವಾಗ ನನಗೆ ನಾಚಿಕೆಗಿಂತ ನಿರಾಳವೇ ಹೆಚ್ಚಾಗಿತ್ತು, ಇದನ್ನೂ ಬರೆದಿಡುತ್ತೇನೆ.

ಕಡತ ಹುಡುಕಲಾರದ ನಿಮ್ಮ ಕಚೇರಿ ಸತ್ತವರನ್ನು ಹುಡುಕುವುದರಲ್ಲಿ ಎಷ್ಟು ಚುರುಕು! ಎರಡೇ ವಾರದಲ್ಲಿ ದ್ಯಾಮಪ್ಪನವರ ಹೆಸರಿಗೆ ನೋಟೀಸು ಹೋಯಿತು. ವಾಹನದ ಚಾಸಿ ಸಂಖ್ಯೆಯನ್ನು ಅಳಿಸಿದ ಆರೋಪದ ಬಗ್ಗೆ ಬರುವ ಸೋಮವಾರ ಖುದ್ದಾಗಿ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು. ಇದರ ಒಕ್ಕಣೆ ನನಗೆ ಹೇಗೆ ಗೊತ್ತು ಎಂದರೆ, ಅದನ್ನು ಓದಿದವಳು ನಾನೇ.

ಕಳೆದ ಗುರುವಾರ ಮಧ್ಯಾಹ್ನ ದ್ಯಾಮಪ್ಪನವರ ಹೆಂಡತಿ ಅಕ್ಕವ್ವ ಲಗ್ಗೆರೆಯಿಂದ ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ಆಕೆಗೆ ಓದು ಬರುವುದಿಲ್ಲ. ಒಗೆದ ಇಳಕಲ್ ಸೀರೆ ಉಟ್ಟಿದ್ದರು. ಲಕೋಟೆಯನ್ನು ಸೆರಗಿನಲ್ಲಿ ಸುತ್ತಿ ತಂದಿದ್ದರು.

‘ವರಲಕ್ಷ್ಮವ್ವಾ, ಅವರ ಹೆಸರೀಲೆ ಸರಕಾರದ ಕಾಗದ ಬಂದೈತಿ ನೋಡವಾ. ಸಿಕ್ಕಾ ಹೊಡದಾರ. ಏನ್ ಬರದಾರ ಓದಿ ಹೇಳು.’

ಕಾಗದ ಬಿಡಿಸಿದೆ. ಮೊದಲ ಸಾಲು ಓದುವಷ್ಟರಲ್ಲಿ ಅಕ್ಷರಗಳು ಕದಲತೊಡಗಿದವು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು.

‘ನಲವತ್ತ ವರ್ಷ ದುಡದ್ರು. ಒಬ್ಬರೂ ಒಂದ ಮಾತ ಬರದ ಕೊಡಲಿಲ್ಲ. ಈಗರೆ ಏನಂತ ಬರದಾರವಾ?’

ಆಗ ನಾನು ಓದಿದೆ. ಕಾಗದವನ್ನು ಮುಖಕ್ಕೆ ಹತ್ತಿರ ಹಿಡಿದು, ಸಾಲಿನಿಂದ ಸಾಲಿಗೆ ಕಣ್ಣು ಸರಿಸುತ್ತ ಓದಿದೆ. ‘ದ್ಯಾಮಪ್ಪನವರು ಅಂಗವಿಕಲರಿಗೆ ಗಾಡಿ ಮಾಡಿಕೊಟ್ಟಿದ್ದಾರೆ, ಬಹಳ ಅಚ್ಚುಕಟ್ಟಾದ ಕೆಲಸ ಅಂತ ಬರ್ದಿದಾರೆ ಅಮ್ಮಾ. ಸರ್ಕಾರದವರು ಮೆಚ್ಕೊಂಡಿದಾರೆ.’ ಆಕೆ ಕಾಗದವನ್ನು ವಾಪಸು ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು. ನನ್ನ ತಲೆ ಸವರಿದರು. ‘ನೀ ಹೇಳಿರಬೇಕ ನಮ್ಮವ್ರ ಹೆಸರ. ನಿನ್ನ ಹೊಟ್ಟಿ ತಣ್ಣಗಿರಲಿ’ ಎಂದರು. ಆಕೆ ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುರುಗೇಶ್, ‘ನಾವು ಎಲ್ಲಿಗೂ ಹೋಗೋದು ಬೇಡ ಬಿಡು’ ಎಂದರು.

ನಿನ್ನೆ ಅಕ್ಕವ್ವ ಫೋನ್ ಮಾಡಿದ್ದರು. ನೋಟೀಸಿಗೆ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದಾರಂತೆ. ಗಂಡನ ಫೋಟೋದ ಕೆಳಗೆ ಮೊಳೆ ಹೊಡೆಸಿ ತೂಗುಹಾಕಿದ್ದಾರಂತೆ. ಬಂದವರಿಗೆಲ್ಲ ತೋರಿಸುತ್ತೇನೆ ಎಂದರು. ಆಕೆಯ ಅಕ್ಕಪಕ್ಕದ ಮನೆಗಳಲ್ಲಿ ಓದು ಬರುವವರು ಎಷ್ಟೋ ಜನ ಇದ್ದಾರೆ, ಮಾನ್ಯರೇ. ಬಾಗಿಲ ಸದ್ದಾದರೆ ಈಗ ನನ್ನ ಕಣ್ಣ ಮುಂದೆ ಬರುವುದು ಪೊಲೀಸರಲ್ಲ, ಅವರಲ್ಲಿ ಯಾರಾದರೂ ಒಬ್ಬರು ಆ ಗೋಡೆಯ ಹತ್ತಿರ ಹೋಗಿ ನಿಂತು ಓದಲು ಶುರು ಮಾಡುವುದು.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ನನ್ನ ಹೇಳಿಕೆ ಸುಳ್ಳು, ಅದನ್ನು ಈ ಪತ್ರದ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ದ್ಯಾಮಪ್ಪನವರ ಮೇಲಿನ ನೋಟೀಸನ್ನು ಸೋಮವಾರಕ್ಕೆ ಮೊದಲು ರದ್ದು ಮಾಡಿ, ಅವರ ಕೈಯಿಂದ ಯಾವ ತಪ್ಪೂ ಆಗಿಲ್ಲ ಎಂದು ಅದೇ ಅಳತೆಯ ಕಾಗದದಲ್ಲಿ, ಅದೇ ಮೊಹರು ಹೊಡೆದು, ಅಕ್ಕವ್ವನ ಹೆಸರಿಗೆ ಬರೆದು ಕಳಿಸಿ. ಕೇಸು ಹಾಕಬೇಕಿದ್ದರೆ ನನ್ನ ಮೇಲೆ ಹಾಕಿ. ನಂಬರು ಅಳಿಸಿದ್ದಕ್ಕೊಂದು, ಸುಳ್ಳು ಹೇಳಿದ್ದಕ್ಕೊಂದು. ಆ ಹಳೆಯ ಕಡತ ಹುಡುಕಿ ಗಾಡಿ ಬಿಟ್ಟುಕೊಟ್ಟರೆ ನಿಮ್ಮ ಉಪಕಾರ. ಬಿಡದಿದ್ದರೆ ತಿಂಗಳು ಮುಗಿಯುತ್ತದೆ, ಮುರುಗೇಶ್ ಅಕ್ಕನಿಗೆ ಫೋನ್ ಮಾಡಿ ಬರುವುದಿಲ್ಲ ಎನ್ನುತ್ತಾರೆ, ನಾನು ಇಲ್ಲೇ ಅಂಥದೊಂದು ಕುರ್ಚಿಯಲ್ಲಿ ಕೂರುತ್ತೇನೆ. ನನಗೆ ಭಯ ಹೋಗಿಲ್ಲ. ಇದನ್ನು ಬರೆದ ಮೇಲೆ ಹೆಚ್ಚಾಗಿದೆ.

ಪತ್ರಿಕೆಯವರು ಇದನ್ನು ಶುಕ್ರವಾರ ಅಚ್ಚು ಹಾಕುತ್ತೇವೆ ಎಂದಿದ್ದಾರೆ. ಬೇರೆ ಯಾರೋ ಓದಿ ಹೇಳುವ ಮೊದಲು, ಗುರುವಾರವೇ ಆಟೊ ಮಾಡಿಕೊಂಡು ಲಗ್ಗೆರೆಗೆ ಹೋಗುತ್ತೇನೆ. ಅಕ್ಕವ್ವನ ಮನೆ ಎರಡನೇ ಮಹಡಿಯಲ್ಲಿದೆ. ಯಾರಾದರೂ ಎತ್ತಿಕೊಂಡು ಹೋಗಬೇಕು, ಹೋಗಲಿ. ಆ ಗೋಡೆಯ ಕೆಳಗೆ ಕೂತು, ಈ ಪತ್ರವನ್ನು ‘ಮಾನ್ಯ’ ಎಂಬಲ್ಲಿಂದ ಕೊನೆಯವರೆಗೆ ಆಕೆಗೆ ಓದಿ ಹೇಳುತ್ತೇನೆ. ಈ ಸಲ ಬರೆದದ್ದನ್ನೇ ಓದುತ್ತೇನೆ.

ಇಂತಿ,
ತನ್ನ ತಪ್ಪಿಗೆ ತಾನೇ ಸಹಿ ಹಾಕಲು ಇಪ್ಪತ್ತೆರಡು ದಿನ ತೆಗೆದುಕೊಂಡವಳು,
ವರಲಕ್ಷ್ಮಿ ಮುರುಗೇಶ್
ರಾಜಾಜಿನಗರ